‘ಉಪ್ಪು ನೀನೇ ಹಾಕ್ಕೋ’ ಅನ್ನೋದೂ ಒಂದು ಅಡ್ಡಹೆಸರಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಬೆಂಗಳೂರಿನಲ್ಲಿ ಕೆಲಸ. ನಮ್ಮ ಟೀಮಿನ ಅರ್ಧ ಜನ ಚೆಕ್ ದೇಶದ ಬ್ರ್ನೋ ಊರಿನಲ್ಲಿದ್ದಾರೆ. ಅವರಲ್ಲೊಬ್ಬರ ಅಡ್ಡಹೆಸರು ಒಸೊಲ್ಸೊಬ್ಯೆ. ಅರ್ಥ ಏನು ಅಂತ ಕೇಳಿದೆ. ‘ಉಪ್ಪು ನೀನೇ ಹಾಕ್ಕೋ’ ಅಂದರು. ನಮ್ಮ ಮನೆತನದ ಹೆಸರು ಉಳ್ಳಾಗಡ್ಡಿ. ಅದರ ಅರ್ಥ ಈರುಳ್ಳಿ ಅಂತ ನಾನು ಹೇಳಿದ್ದಕ್ಕೆ ಅವರೂ ತಮಾಷೆ ಮಾಡಿದರೋ ಏನೋ ಅನ್ನಿಸಿತು. ಪಕ್ಕದಲ್ಲಿದ್ದ ಸ್ಲೊವಾಕ್ ಸಹೋದ್ಯೋಗಿ ಬೇರೆ, ‘ಅಲ್ಲ ಅಲ್ಲ, ಅದು ಕತ್ತೆಗೆ ಸಂಬಂಧಪಟ್ಟದ್ದು’ ಅಂತ ನಕ್ಕರು. ಯಾರು ಹೇಳಿದ್ದು ಸರಿ? ಇಂಥ ಹೆಸರು ಬಂದದ್ದಾದರೂ ಹೇಗೆ? ಈಗ ಎಷ್ಟು ಮಂದಿಗೆ ಇದೆ?

ಉತ್ತರ: ನಿಮ್ಮ ಬ್ರ್ನೋ ಗೆಳೆಯರು ತಮಾಷೆ ಮಾಡಿಲ್ಲ. ಅವರ ಹೆಸರು ನಿಜಕ್ಕೂ ಒಂದು ಪೂರ್ತಿ ವಾಕ್ಯ. ‘ಒಸೊಲ್’ ಅಂದರೆ ‘ಉಪ್ಪು ಹಾಕು’, ‘ಸೊಬ್ಯೆ’ ಅಂದರೆ ‘ನಿನಗೆ’. ಎರಡನ್ನೂ ಒಟ್ಟಿಗೆ ಬರೆದರೆ ಹೆಸರು ಸಿದ್ಧ. ಇಂಗ್ಲಿಷಿನವರಿಗೆ ಇದನ್ನು ವಿವರಿಸೋದು ಸ್ವಲ್ಪ ಕಷ್ಟ, ಕನ್ನಡದವರಿಗೆ ಸುಲಭ. ನಮ್ಮಲ್ಲಿ ‘ಹಾಕು’ ಬೇರೆ, ‘ಹಾಕಿಕೋ’ ಬೇರೆ ಅಲ್ವಾ? ಆ ‘ಕೊ’ ಮಾಡುವ ಕೆಲಸವನ್ನೇ ಚೆಕ್ಕಿನಲ್ಲಿ ‘ಸೊಬ್ಯೆ’ ಮಾಡುತ್ತದೆ. ಇವತ್ತಿನ ಚೆಕ್ ಮಾತಿನಲ್ಲಿ ಊಟದ ಹೊತ್ತಿಗೆ ಸಾಮಾನ್ಯವಾಗಿ ಕೇಳಿಸೋದು ‘ಸಿ’ ಅನ್ನುವ ಗಿಡ್ಡ ರೂಪ. ‘ಸೊಬ್ಯೆ’ ಉದ್ದದ್ದು, ಒತ್ತಿ ಹೇಳುವಂಥದ್ದು. ಹಾಗಾಗಿ ‘ಉಪ್ಪು ಹಾಕ್ಕೋ’ ಅನ್ನೋದಕ್ಕಿಂತ ‘ಉಪ್ಪು ನೀನೇ ಹಾಕ್ಕೋ’ ಅನ್ನೋದು ಮೂಲಕ್ಕೆ ಹತ್ತಿರ. ನಿಮ್ಮ ಗೆಳೆಯರ ಅನುವಾದ ಚೆನ್ನಾಗಿಯೇ ಇದೆ.

ಕತ್ತೆಯ ವಿಷಯ ಮುಗಿಸಿಬಿಡೋಣ. ಸ್ಲೊವಾಕ್ ಭಾಷೆಯಲ್ಲಿ ‘ಒಸೊಲ್’ ಅಂದರೆ ಕತ್ತೆ, ಅದು ನಿಜ. ಆದರೆ ಚೆಕ್ಕಿನಲ್ಲಿ ಕತ್ತೆಗೆ ‘ಒಸೆಲ್’ ಅನ್ನುತ್ತಾರೆ. ಇನ್ನು ‘ಸೊಬ್ಯೆ’ ಅನ್ನೋದು ಚೆಕ್ ರೂಪ, ಸ್ಲೊವಾಕಿನಲ್ಲಿ ಅದು ‘ಸೆಬೆ’ ಆಗುತ್ತದೆ. ಅರ್ಧ ಸ್ಲೊವಾಕ್, ಅರ್ಧ ಚೆಕ್ ಸೇರಿಸಿದರೆ ಮಾತ್ರ ಕತ್ತೆ ಒಳಗೆ ಬರುತ್ತದೆ, ಬಂದರೂ ‘ಕತ್ತೆ ನಿನಗೆ’ ಅಂತ ಅರ್ಥವಿಲ್ಲದ ಮಾತಾಗುತ್ತದೆ. ಅಕ್ಕಪಕ್ಕದ ಭಾಷೆಯವರು ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿ ನಗೋದು ಎಲ್ಲ ಕಡೆಯೂ ಇದೆ. ನಕ್ಕು ಬಿಟ್ಟುಬಿಡಿ.

ಈಗ ಮುಖ್ಯ ಪ್ರಶ್ನೆ. ಯಾವ ಮನುಷ್ಯನಿಗೆ ಯಾರು ಇಂಥ ಹೆಸರಿಟ್ಟರು?

ನಿಮ್ಮ ಪತ್ರದಲ್ಲಿ ‘ಅಡ್ಡಹೆಸರು’ ಅನ್ನುವ ಪದ ಬಳಸಿದ್ದೀರಿ. ಹುಬ್ಬಳ್ಳಿ ಕಡೆ ಅದು ಮನೆತನದ ಹೆಸರು. ಮೈಸೂರು ಕಡೆ ಕೇಳಿದರೆ ಗೆಳೆಯರು ಚುಡಾಯಿಸೋಕೆ ಇಟ್ಟ ಹೆಸರು. ಒಸೊಲ್ಸೊಬ್ಯೆಯ ಮಟ್ಟಿಗೆ ಎರಡು ಅರ್ಥವೂ ಸರಿ. ಮೊದಲು ಯಾರೋ ಚುಡಾಯಿಸಿದರು, ಆಮೇಲೆ ಅದೇ ಮನೆತನದ ಹೆಸರಾಯಿತು. ಚೆಕ್ ಅಡ್ಡಹೆಸರುಗಳು ಬರುವ ದಾರಿಗಳು ನಮಗೂ ಗೊತ್ತಿರುವಂಥವೇ. ಅಪ್ಪನ ಹೆಸರು, ಹುಟ್ಟಿದ ಊರು, ಕಸುಬು, ಮೈಬಣ್ಣ, ಗುಣ. ಕೊವಾರ್ಶ್ ಅಂದರೆ ಕಮ್ಮಾರ, ಕ್ರೇಚಿ ಅಂದರೆ ದರ್ಜಿ, ಚೆರ್ನಿ ಅಂದರೆ ಕರಿಯ, ವೆಸೆಲಿ ಅಂದರೆ ನಗುಮುಖದವನು. ನಿಮ್ಮ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಇವೆಲ್ಲ ಈ ಗುಂಪಿಗೆ ಸೇರಿದರೂ ಯಾರೂ ಹುಬ್ಬೇರಿಸಲ್ಲ. ಆದರೆ ಚೆಕ್ಕರಲ್ಲಿ ಇನ್ನೂ ಒಂದು ಗುಂಪಿದೆ, ಅದರ ರುಚಿಯೇ ಬೇರೆ. ಅಲ್ಲಿ ಹೆಸರಿನೊಳಗೆ ಕ್ರಿಯಾಪದ ಕೂತಿರುತ್ತದೆ.

ಸ್ಕೊಚ್‌ದೊಪೊಲೆ: ‘ಹೊಲಕ್ಕೆ ಹಾರು’. ನೆಯೆಸ್‌ಖ್ಲೆಬಾ: ‘ರೊಟ್ಟಿ ತಿನ್ನಬೇಡ’. ನೆಹ್ನ್ಯೆವಾಯ್ಸಾ: ‘ಸಿಟ್ಟು ಮಾಡ್ಕೋಬೇಡ’. ದ್ರಹೊಕೌಪಿಲ್: ‘ದುಬಾರಿಗೆ ಕೊಂಡ’. ರಾದ್‌ಸೆತೌಲಲ್: ‘ಅಲೆಯೋದಂದ್ರೆ ಇವನಿಗಿಷ್ಟ’. ವೀತಾಮ್‌ವಾಸ್ ಅನ್ನೋದಂತೂ ‘ನಿಮಗೆ ಸ್ವಾಗತ’! ಆ ಮನೆಯವರು ಫೋನ್ ಎತ್ತಿ ತಮ್ಮ ಹೆಸರು ಹೇಳಿದರೆ ಆ ಕಡೆಯವರಿಗೆ ಏನನ್ನಿಸಬೇಕು ಅಂತ ನನಗೆ ಯಾವಾಗಲೂ ಕುತೂಹಲ.

ಇದೇನೂ ಚೆಕ್ಕರ ಹುಚ್ಚು ಮಾತ್ರ ಅಲ್ಲ. ಜರ್ಮನ್ನರಲ್ಲಿ ಸ್ಪ್ರಿಂಗ್‌ಇನ್ಸ್‌ಫೆಲ್ಡ್ ಅಂತ ಹೆಸರಿದೆ, ಅದರ ಅರ್ಥವೂ ‘ಹೊಲಕ್ಕೆ ಹಾರು’. ಇಟಲಿಯ ಬೆವಿಲಾಕ್ವಾ, ಫ್ರಾನ್ಸಿನ ಬ್ವಾಲೊ, ಎರಡೂ ‘ನೀರು ಕುಡಿ’. ನಾವು ದಿನಾ ಬಳಸುವ ಶೇಕ್ಸ್‌ಪಿಯರ್ ಕೂಡ ಇದೇ ಜಾತಿ: ‘ಈಟಿ ಝಳಪಿಸು’. ಜರ್ಮನ್ ನಾಡಿನಲ್ಲಿ ಕಸುಬಿನ ಸಂಘಗಳಿದ್ದವು. ಕಲಿಯುವ ಹುಡುಗ ಪಳಗಿ ಕೆಲಸಗಾರನಾದ ದಿನ ಹಿರಿಯರೆಲ್ಲ ಸೇರಿ ಅವನಿಗೊಂದು ಹೊಸ ಹೆಸರಿಡುತ್ತಿದ್ದರು. ಅದರಲ್ಲಿ ಗೌರವಕ್ಕಿಂತ ಕೀಟಲೆಯೇ ಜಾಸ್ತಿ. ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಇಟ್ಟ ಹೆಸರು ಮದುವೆ ಮನೆವರೆಗೂ ಬೆನ್ನಿಗೆ ಬರುತ್ತದಲ್ಲ, ಹಾಗೆ. ಜರ್ಮನ್ ಮತ್ತು ಚೆಕ್ ಮಾತಾಡುವವರು ಶತಮಾನಗಳ ಕಾಲ ಒಂದೇ ಪೇಟೆಗಳಲ್ಲಿ ಬದುಕಿದವರು. ಹೆಸರಿಡುವ ಚಾಳಿ ಈ ಕಡೆಯಿಂದ ಆ ಕಡೆಗೆ ದಾಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಹೆಸರು ಹುಟ್ಟುವ ಇನ್ನೊಂದು ರೀತಿ ಬಾಯಿಮಾತಿನದು. ಕೆಲವರಿಗೆ ಒಂದು ಮಾತು ಬಾಯಿಗೆ ಅಂಟಿಕೊಂಡಿರುತ್ತದೆ. ಎರಡು ಮಾತಿಗೊಮ್ಮೆ ಅದೇ ಬರುತ್ತದೆ. ಊರಿನವರು ಸುಮ್ನೆ ಬಿಡ್ತಾರಾ? ಆ ಮಾತನ್ನೇ ಹೆಸರು ಮಾಡಿ ಕರೆಯುತ್ತಾರೆ. ಒಸೊಲ್ಸೊಬ್ಯೆ ಈ ಬಗೆಯದೇ ಅಂತ ನನ್ನ ಅನಿಸಿಕೆ. ಊಟಕ್ಕೆ ಬಡಿಸಿ ‘ಉಪ್ಪು ನೀನೇ ಹಾಕ್ಕೋ’ ಅನ್ನುತ್ತಿದ್ದ ಯಾರೋ ಒಬ್ಬ. ಅವನು ಹೋಟೆಲಿಟ್ಟವನಿರಬಹುದು, ಜಿಪುಣನಿರಬಹುದು, ಅಡುಗೆ ಬಾರದವನಿರಬಹುದು.

ಜಿಪುಣ ಅಂದದ್ದು ಸುಮ್ನೆ ಅಲ್ಲ. ಚೆಕ್ ದೇಶದ ಪಶ್ಚಿಮ ಭಾಗ ಬೊಹೆಮಿಯ, ಬ್ರ್ನೋ ಇರುವ ಪೂರ್ವ ಭಾಗ ಮೊರಾವಿಯ. ಎರಡಕ್ಕೂ ಸಮುದ್ರವಿಲ್ಲ, ಸ್ವಂತ ಉಪ್ಪಿನ ಗಣಿಯೂ ಇಲ್ಲ. ಉಪ್ಪೆಲ್ಲ ಹೊರಗಿನಿಂದಲೇ ಬರಬೇಕಿತ್ತು. ಬವೇರಿಯದ ಪಾಸೌ ಊರಿನಿಂದ ಬೆಟ್ಟಕಾಡು ದಾಟಿ ಬೊಹೆಮಿಯದ ಪ್ರಾಖತಿಟ್ಸೆಗೆ ಕುದುರೆಗಳ ಬೆನ್ನ ಮೇಲೆ ಉಪ್ಪು ಹೊರುತ್ತಿದ್ದರು. ಆ ದಾರಿಗೆ ‘ಚಿನ್ನದ ದಾರಿ’ ಅಂತಲೇ ಹೆಸರು. 1010ರ ಒಂದು ದಾಖಲೆಯಲ್ಲಿ ಆಗಲೇ ಆ ದಾರಿಯ ಸುಂಕದ ಮಾತಿದೆ. ಮೊರಾವಿಯದ ಕಡೆಗೆ ಆಸ್ಟ್ರಿಯದ ಉಪ್ಪೂ ಬರುತ್ತಿತ್ತು, ಪೋಲೆಂಡಿನ ವ್ಯೆಲಿಚ್ಕಾ ಗಣಿಯದ್ದೂ ಬರುತ್ತಿತ್ತು. ದಾರಿಯುದ್ದಕ್ಕೂ ಸುಂಕ. ಕೊನೆಗೆ ಮಾರಾಟದ ಹಕ್ಕನ್ನು ಅರಸರೇ ಹಿಡಿದುಕೊಂಡರು. ಚೆಕ್ ಮಕ್ಕಳಿಗೆ ಹೇಳುವ ಒಂದು ಅಜ್ಜಿಕಥೆಯಲ್ಲಿ ರಾಜನ ಕಿರಿಮಗಳು ‘ಅಪ್ಪಾ, ನೀನಂದ್ರೆ ನನಗೆ ಉಪ್ಪಿನಷ್ಟು ಇಷ್ಟ’ ಅಂದು ಮನೆಯಿಂದಲೇ ಹೊರಬೀಳುತ್ತಾಳೆ. ಉಪ್ಪಿಗಿಂತ ರುಚಿಯಿಲ್ಲ ಅಂತ ರಾಜನಿಗೆ ಗೊತ್ತಾಗೋದು ಆಮೇಲೆ. ಇಂಥ ನಾಡಿನಲ್ಲಿ ‘ಉಪ್ಪು ನೀನೇ ಹಾಕ್ಕೋ’ ಅನ್ನೋದು ಎರಡು ಥರ ಕೇಳಿಸಬಹುದು. ‘ಬೇಕಾದಷ್ಟು ತಗೋ, ನಮ್ಮನೇಲಿ ಲೆಕ್ಕ ಇಲ್ಲ’ ಅನ್ನುವ ಧಾರಾಳ. ಇಲ್ಲವೇ ‘ಊಟ ನನ್ನದು, ಉಪ್ಪು ನಿನ್ನದು’ ಅನ್ನುವ ಬಿಗಿ. ಅಡ್ಡಹೆಸರಿಡುವವರು ಹೊಗಳೋದಕ್ಕಿಂತ ಕಾಲೆಳೆಯೋದೇ ಹೆಚ್ಚು, ಹಾಗಾಗಿ ನಾನು ಎರಡನೆಯದರ ಕಡೆಗೇ ವಾಲುತ್ತೇನೆ.

ಮೂರನೆಯ ಸಾಧ್ಯತೆಯೂ ಒಂದಿದೆ. ಚೆಕ್ಕಿನಲ್ಲಿ ಸಿಟ್ಟು ಬಂದಾಗ ‘ನಿನಗೆ ಉಪ್ಪು ಹಾಕ್ತೀನಿ ನೋಡು’ ಅನ್ನುವ ಮಾತಿದೆ. ಅಂದರೆ ‘ನಿನಗೆ ಮಾಡ್ತೀನಿ ಇರು’ ಅಂತ. ಆ ಅರ್ಥ ಹಿಡಿದರೆ ಹೆಸರಿನವನು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವನು ಆಗುತ್ತಾನೆ. ಚೆಂದದ ಕಲ್ಪನೆ. ಆದರೂ ನನಗೆ ಊಟದ ಮೇಜೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇಷ್ಟಾದರೂ ಒಂದು ಕೀಟಲೆ ಇನ್ನೂರು ಮುನ್ನೂರು ವರ್ಷ ಉಳಿಯೋದು ಹೇಗೆ? ಉಳಿಸಿದ್ದು ಗುಮಾಸ್ತರು. ಹಿಂದೆ ಚೆಕ್ ಹಳ್ಳಿಗಳಲ್ಲಿ ಹೆಸರು ಅಷ್ಟು ಗಟ್ಟಿಯಾಗಿರಲಿಲ್ಲ. ಮನೆಗೇ ಒಂದು ಹೆಸರಿರುತ್ತಿತ್ತು. ಬೇರೆ ಊರಿನ ಗಂಡು ಆ ಮನೆಗೆ ಅಳಿಯನಾಗಿ ಬಂದು ಜಮೀನು ನೋಡಿಕೊಂಡರೆ ಅವನಿಗೂ ಮನೆಯ ಹೆಸರೇ ಅಂಟುತ್ತಿತ್ತು. ಅಣ್ಣತಮ್ಮಂದಿರು ಬೇರೆ ಬೇರೆ ಹೆಸರಿನಲ್ಲಿ ಸಾಯುವುದೂ ಇತ್ತು. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯ ಆಜ್ಞೆಯಂತೆ ಕ್ಯಾಥೊಲಿಕ್ ಪಾದ್ರಿಗಳು ನಾಮಕರಣ, ಮದುವೆಗಳ ಪುಸ್ತಕ ಇಡಲು ಶುರುಮಾಡಿದರು. ಮೂವತ್ತು ವರ್ಷದ ಯುದ್ಧ 1648ರಲ್ಲಿ ಮುಗಿದ ಮೇಲೆ ತೆರಿಗೆಯ ಪಟ್ಟಿಗಳು ಬಂದವು. 1770ರ ದಶಕದಲ್ಲಿ ಮನೆಗಳಿಗೆ ನಂಬರು ಬಂತು. ಕೊನೆಗೆ ಆಗ ಚೆಕ್ ನಾಡನ್ನು ಆಳುತ್ತಿದ್ದ ಎರಡನೇ ಜೋಸೆಫ್ ಚಕ್ರವರ್ತಿ 1784ರಲ್ಲಿ ಚರ್ಚಿನ ಪುಸ್ತಕಗಳನ್ನು ಸರಕಾರಿ ದಾಖಲೆ ಮಾಡಿದ. 1786ರಲ್ಲಿ ಪ್ರತಿಯೊಂದು ಕುಟುಂಬಕ್ಕೂ ಒಂದೇ ಅಡ್ಡಹೆಸರು, ಅಪ್ಪನಿಂದ ಮಕ್ಕಳಿಗೆ, ಬದಲಾಯಿಸುವಂತಿಲ್ಲ ಅಂತ ಆಜ್ಞೆ ಮಾಡಿದ. ಸೈನ್ಯಕ್ಕೆ ಜನ ಬೇಕು, ತೆರಿಗೆ ಬೇಕು. ಇವತ್ತು ಒಂದು ಹೆಸರು, ನಾಳೆ ಇನ್ನೊಂದು ಅಂದರೆ ಹಿಡಿಯೋದು ಹೇಗೆ?

ಆ ದಿನ ಯಾರು ಯಾವ ಹೆಸರಿನಲ್ಲಿದ್ದರೋ ಅದೇ ಗಟ್ಟಿಯಾಯಿತು. ಚೆಂದದ್ದಾಗಲಿ, ಮುಜುಗರದ್ದಾಗಲಿ. ಅಷ್ಟು ಹೊತ್ತಿಗೆ ಉಪ್ಪಿನ ಮಾತು ಆಡಿದ ಆ ಮೊದಲ ಮನುಷ್ಯ ಸತ್ತು ಎಷ್ಟು ತಲೆಮಾರಾಗಿತ್ತೋ.

ಈಗ ಎಷ್ಟು ಜನ ಇದ್ದಾರೆ ಅನ್ನುವ ಪ್ರಶ್ನೆ. ಇದಕ್ಕೆ ಉತ್ತರ ಹೆಸರು ಹುಟ್ಟಿದ ರೀತಿಯಲ್ಲೇ ಇದೆ. ಚೆಕ್ ದೇಶದಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು ನೊವಾಕ್, ಅಂದರೆ ‘ಹೊಸಬ’. ಗಂಡಸರು, ಹೆಂಗಸರು ಸೇರಿದರೆ ಅರವತ್ತು ಸಾವಿರಕ್ಕೂ ಜಾಸ್ತಿ. ಹಾಗಂತ ನೊವಾಕರೆಲ್ಲ ನೆಂಟರಲ್ಲ. ಪ್ರತಿ ಹಳ್ಳಿಗೂ ಒಬ್ಬ ಹೊಸಬ ಬಂದಿರುತ್ತಾನೆ. ಹಾಗಾಗಿ ಆ ಹೆಸರು ನೂರಾರು ಕಡೆ, ನೂರಾರು ಸಲ, ಬೇರೆ ಬೇರೆಯಾಗಿ ಹುಟ್ಟಿದೆ. ಕಮ್ಮಾರನ ಕಥೆಯೂ ಅದೇ. ಆದರೆ ‘ಉಪ್ಪು ನೀನೇ ಹಾಕ್ಕೋ’ ಅನ್ನುವ ಹೆಸರು ಎಷ್ಟು ಸಲ ಹುಟ್ಟೀತು? ಒಂದು ಸಲ, ಹೆಚ್ಚೆಂದರೆ ಎರಡು ಸಲ. ಒಂದು ಊರಿನ ಒಂದು ಮನೆ ಅದರ ಬೇರು. ಆ ಮನೆಯಲ್ಲಿ ಗಂಡುಮಕ್ಕಳು ಹುಟ್ಟಿ, ಬದುಕಿ, ಮದುವೆಯಾದರೆ ಹೆಸರು ಉಂಟು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. 1870ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ಹೆನ್ರಿ ವಾಟ್ಸನ್ ಇಬ್ಬರೂ ಸೇರಿ ಈ ಲೆಕ್ಕವನ್ನೇ ಮಾಡಿದರು: ಅಪ್ಪನಿಂದ ಮಗನಿಗೆ ಹೋಗುವ ಹೆಸರು ಅಳಿಯುವ ಸಂಭವ ಎಷ್ಟು ಅಂತ. ಸಣ್ಣದಾಗಿ ಶುರುವಾದ ಹೆಸರುಗಳಲ್ಲಿ ಬಹುಪಾಲು ತಾವಾಗಿಯೇ ಕಾಣೆಯಾಗುತ್ತವೆ, ಯಾವ ದುರಂತವೂ ಬೇಕಿಲ್ಲ. ಉಳಿದ ಕೆಲವನ್ನು ನಾವು ‘ಅಪರೂಪ’ ಅನ್ನುತ್ತೇವೆ.

ಇದರ ಮೇಲೆ ಇನ್ನೊಂದು ಸೋರಿಕೆ. ಹೆಸರು ನಗೆಪಾಟಲಾಗುವಂತಿದ್ದರೆ ಅಥವಾ ಅವಮಾನ ಅನ್ನಿಸುವಂತಿದ್ದರೆ ಬದಲಾಯಿಸಿಕೊಳ್ಳಲು ಚೆಕ್ ಕಾನೂನು ಅವಕಾಶ ಕೊಡುತ್ತದೆ. ವಾಕ್ಯದ ಹೆಸರಿನವರಲ್ಲಿ ಕೆಲವರಿಗೆ ಈ ಬಾಗಿಲು ಬೇಕಾಗುತ್ತದೆ. ಒಸೊಲ್ಸೊಬ್ಯೆ ಅಷ್ಟೇನೂ ಕೆಟ್ಟದ್ದಲ್ಲ ಬಿಡಿ. ಕೇಳಿದವರು ಒಮ್ಮೆ ನಗುತ್ತಾರೆ, ಆಮೇಲೆ ಮರೆಯೋದೇ ಇಲ್ಲ.

ಲೆಕ್ಕ ನೋಡುವಾಗ ಎಚ್ಚರ ಇರಬೇಕಾದ ಒಂದು ಜಾಗ ಇದೆ. ಚೆಕ್ ಗೃಹ ಸಚಿವಾಲಯ ಪ್ರಕಟಿಸಿದ ಅಡ್ಡಹೆಸರುಗಳ ಪಟ್ಟಿಗಳಿವೆ. ಅವುಗಳನ್ನೇ ಆಧರಿಸಿ ‘ಕ್ದೆಯ್ಸ್‌ಮೆ’ ಅನ್ನುವ ವೆಬ್‌ಸೈಟು ಯಾವ ಹೆಸರಿನವರು ಯಾವ ಭಾಗದಲ್ಲಿದ್ದಾರೆ ಅಂತ ನಕ್ಷೆಯಲ್ಲಿ ತೋರಿಸುತ್ತದೆ. ಆ ವೆಬ್‌ಸೈಟಿನ ಹೆಸರಿನ ಅರ್ಥ ‘ನಾವೆಲ್ಲಿದ್ದೇವೆ’. ಪಟ್ಟಿಯಲ್ಲಿ ಒಂದೊಂದು ರೂಪಕ್ಕೂ ಒಂದೊಂದು ಸಾಲು. ಚೆಕ್ ಹೆಂಗಸರ ಅಡ್ಡಹೆಸರಿಗೆ ಸಾಮಾನ್ಯವಾಗಿ ‘ಓವಾ’ ಸೇರುತ್ತದಲ್ಲ, ಹಾಗಾಗಿ ನೊವಾಕ್ ಒಂದು ಸಾಲು, ನೊವಾಕೋವಾ ಇನ್ನೊಂದು. ನೆಯೆಸ್‌ಖ್ಲೆಬಾ ಮನೆಯ ಹೆಂಗಸು ನೆಯೆಸ್‌ಖ್ಲೆಬೋವಾ. ಎರಡನ್ನೂ ಕೂಡಿಸಿದರೇ ನಿಜವಾದ ಸಂಖ್ಯೆ. ಆದರೆ ಒಸೊಲ್ಸೊಬ್ಯೆ ಹೆಂಗಸರಿಗೂ ಒಸೊಲ್ಸೊಬ್ಯೆಯೇ. ಅವರ ಒಂದು ಸಾಲಿನಲ್ಲಿ ಇಡೀ ಕುಟುಂಬ ಇರುತ್ತದೆ. ಇದನ್ನು ಮರೆತು ಆ ಸಂಖ್ಯೆಯನ್ನು ಬೇರೆ ಹೆಸರಿನ ಗಂಡು ರೂಪದ ಜೊತೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ವಿಯೆಟ್ನಾಮಿನವರ ಅಡ್ಡಹೆಸರು ನ್ಗುಯೆನ್. ಸಮಾಜವಾದಿ ಕಾಲದಲ್ಲಿ ಕೆಲಸಕ್ಕೆ, ಓದಿಗೆ ಚೆಕ್ ನಾಡಿಗೆ ಬಂದವರಿಂದ ಬೆಳೆದ ಸಮುದಾಯ ಅವರದು. ಗಂಡು ಹೆಣ್ಣು ಎರಡಕ್ಕೂ ಒಂದೇ ರೂಪ ಇರೋದರಿಂದ ನ್ಗುಯೆನ್ ಚೆಕ್ ಪಟ್ಟಿಯ ಮೇಲ್ಭಾಗದಲ್ಲೇ ಬಂದು ಕೂರುತ್ತದೆ. ಪತ್ರಿಕೆಗಳು ಅದನ್ನು ನೋಡಿ ಬೆರಗಾಗುತ್ತವೆ, ಅರ್ಧ ಬೆರಗು ಎಣಿಕೆಯ ರೀತಿಯದ್ದು. 2022ರ ಜನವರಿಯಿಂದ ಚೆಕ್ ಹೆಂಗಸರು ಬೇಕಾದರೆ ‘ಓವಾ’ ಬಿಟ್ಟು ಗಂಡು ರೂಪವನ್ನೇ ಇಟ್ಟುಕೊಳ್ಳಬಹುದು. ಇನ್ನು ಮುಂದೆ ಈ ಎಣಿಕೆ ಮತ್ತಷ್ಟು ಗೋಜಲಾಗಲಿದೆ.

ಹೆಸರಿಗೆ ಪ್ರಸಿದ್ಧಿ ತಂದವರು ನಿಮ್ಮ ಗೆಳೆಯರ ಊರಿನವರೇ. 1928ರಲ್ಲಿ ಬ್ರ್ನೋದಲ್ಲಿ ಹುಟ್ಟಿದ ಇವೊ ಒಸೊಲ್ಸೊಬ್ಯೆ ರಂಗಭೂಮಿಯ ದೊಡ್ಡ ಚಿಂತಕ. ಅಲ್ಲಿಯ ಅಪೆರೆಟಾ (ಹಗುರ ಸಂಗೀತ ನಾಟಕ) ತಂಡದ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು, ಹಾಡು ಕುಣಿತದ ನಾಟಕಗಳನ್ನು ಗಂಭೀರವಾಗಿ ಓದಬೇಕು ಅಂತ ತೋರಿಸಿಕೊಟ್ಟವರು. ಒಂದು ವಸ್ತುವನ್ನು ಮಾತಿನಲ್ಲಿ ಹೇಳದೆ ಅದನ್ನೇ ಎತ್ತಿ ತೋರಿಸುವುದೂ ಒಂದು ಬಗೆಯ ಸಂವಹನ ಅನ್ನುವ ವಿಚಾರವನ್ನು ಜೀವನಪೂರ್ತಿ ಬೆನ್ನುಹತ್ತಿದರು. ಹೆಸರೇ ಒಂದು ಸಂಭಾಷಣೆಯಾಗಿರುವ ಮನುಷ್ಯನಿಗೆ ಮಾತಿಲ್ಲದ ಸಂವಹನದ ಹುಚ್ಚು! ಅದೇ ಊರಿನ ಮಸಾರಿಕ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಕ್ಲಾರಾ ಒಸೊಲ್ಸೊಬ್ಯೆ ಅವರ ವಿಷಯ ಚೆಕ್ ಪದಗಳ ರೂಪಗಳು. ‘ಓವಾ’ ಹಚ್ಚದ ಈ ಹೆಸರನ್ನು ನೀವು ಅವರ ಪುಸ್ತಕಗಳ ಮೇಲೆಯೇ ನೋಡಬಹುದು.

ಇನ್ನೊಂದು ಮಾತು. ಕ್ರಿಯಾಪದದ ಹೆಸರುಗಳಿಗೆ ಮೊರಾವಿಯವೇ ತವರು ಅನ್ನಬಹುದು, ಅದರಲ್ಲೂ ‘ಮಾಡಿದ, ಬಂದ, ಹೋದ’ ಅನ್ನುವ ಭೂತಕಾಲದ ರೂಪಗಳಿಗೆ. ಪೊಸ್ಪೀಶಿಲ್ ಅಂದರೆ ‘ಅವಸರ ಮಾಡಿದ’, ವಿಸ್ಕೊಚಿಲ್ ಅಂದರೆ ‘ಜಿಗಿದ’, ದೊಹ್ನಲ್ ಅಂದರೆ ‘ಬೆನ್ನಟ್ಟಿ ಹಿಡಿದ’. ಕವಿ ವೀತ್ಯೆಸ್ಲಾವ್ ನೆಜ್ವಲ್ ಅವರ ಹೆಸರು ‘ಕರೆಯಲಿಲ್ಲ’, ಸಂಗೀತಗಾರ ಒಸ್ಕರ್ ನೆದ್ಬಲ್ ಅವರದ್ದು ‘ಲೆಕ್ಕಿಸಲಿಲ್ಲ’. ಇವುಗಳಲ್ಲಿ ಒಂದು ಹೆಸರು ನಿಮಗೆ ಚಿಕ್ಕಂದಿನಿಂದ ಗೊತ್ತು. ನವ್ರಾತಿಲ್ ಅಂದರೆ ‘ಹಿಂತಿರುಗಿದ’. ಅದಕ್ಕೆ ‘ಓವಾ’ ಸೇರಿಸಿದರೆ ನಾವು ಟಿವಿಯಲ್ಲಿ ನಾವ್ರಾಟಿಲೋವಾ ಅಂತ ಕೇಳಿ ಬೆಳೆದ ಟೆನಿಸ್ ಆಟಗಾರ್ತಿ. ಅವರಿಗೆ ಆ ಹೆಸರು ಬಂದದ್ದು ಮಲತಂದೆಯಿಂದ. 1975ರಲ್ಲಿ ದೇಶ ಬಿಟ್ಟು ಅಮೆರಿಕದಲ್ಲಿ ಆಶ್ರಯ ಪಡೆದರು, 2008ರಲ್ಲಿ ಚೆಕ್ ಪೌರತ್ವ ಮತ್ತೆ ಸಿಕ್ಕಿತು.

ದೇಶ ಬಿಟ್ಟ ಹೆಸರುಗಳ ಗತಿ ಸ್ವಲ್ಪ ಬೇರೆ. ವಿಯೆನ್ನಾಕ್ಕೆ ಹೋದ ಪೊಸ್ಪೀಶಿಲ್ ಅಲ್ಲಿ ಜರ್ಮನ್ ಕಾಗುಣಿತ ತೊಟ್ಟ. 1850ರ ದಶಕದಿಂದ ಮೊರಾವಿಯದವರು ಗುಂಪುಗುಂಪಾಗಿ ಟೆಕ್ಸಸ್‌ಗೆ ಹೋದರು. ಅಮೆರಿಕದ ಕಾಗದಗಳಲ್ಲಿ ಅಕ್ಷರದ ಮೇಲಿನ ಗುರುತುಗಳೆಲ್ಲ ಉದುರಿಹೋದವು. ಒಸೊಲ್ಸೊಬ್ಯೆಯ ಕೊನೆಯ ಅಕ್ಷರದ ಮೇಲೆ ಒಂದು ಪುಟ್ಟ ಗುರುತಿದೆ. ಅದನ್ನು ಹಾಚೆಕ್ ಅನ್ನುತ್ತಾರೆ, ಅಂದರೆ ‘ಪುಟ್ಟ ಕೊಕ್ಕೆ’. ಆ ಕೊಕ್ಕೆ ಬಿದ್ದರೆ ‘ಬ್ಯೆ’ ಹೋಗಿ ಬರೀ ‘ಬೆ’ ಆಗುತ್ತದೆ. ನಿಮ್ಮ ಆಫೀಸಿನ ಇಮೇಲ್ ವಿಳಾಸದಲ್ಲೂ ಅದು ಬಿದ್ದಿರುತ್ತದೆ, ನೋಡಿ.

ನಿಮ್ಮ ಗೆಳೆಯರಿಗೆ ತಮ್ಮ ಮನೆತನದ ಮೂಲ ಹುಡುಕುವ ಆಸಕ್ತಿ ಇದ್ದರೆ ಅವರ ಮುತ್ತಜ್ಜ ಹುಟ್ಟಿದ ಹಳ್ಳಿ ಯಾವುದು ಅಂತ ಮೊದಲು ತಿಳಿದುಕೊಳ್ಳಲಿ. ಬ್ರ್ನೋದಲ್ಲಿರುವ ಮೊರಾವಿಯ ಪ್ರಾಂತೀಯ ದಫ್ತರಖಾನೆ ಹಳೆಯ ಚರ್ಚ್ ಪುಸ್ತಕಗಳ ಪುಟಗಳನ್ನು ‘ಆಕ್ತಾ ಪುಬ್ಲಿಕಾ’ ಅನ್ನುವ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಹುಟ್ಟಿನ ಪುಸ್ತಕಕ್ಕೆ ನೂರು ವರ್ಷ ತುಂಬಿದ ಮೇಲೆ ಯಾರು ಬೇಕಾದರೂ ತೆರೆದು ನೋಡಬಹುದು. ಭಾಷೆ ಒಮ್ಮೆ ಚೆಕ್, ಒಮ್ಮೆ ಲ್ಯಾಟಿನ್, ಒಮ್ಮೆ ಜರ್ಮನ್. ಕೈಬರಹವಂತೂ ಇರುವೆ ಸಾಲು. ಬರೆದ ಪಾದ್ರಿ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಹಾಗಾಗಿ ಇವತ್ತಿನ ಕಾಗುಣಿತ ಹಿಡಿದು ಹುಡುಕಬಾರದು, ಹೆಸರನ್ನು ಬಾಯಲ್ಲಿ ಹೇಳಿಕೊಂಡು ಹುಡುಕಬೇಕು. ಮಗುವಿನ ಹೆಸರಿನ ಸಾಲಿನಿಂದ ಅಪ್ಪನ ಸಾಲಿಗೆ, ಅಲ್ಲಿಂದ ಅವನ ಮದುವೆಯ ಸಾಲಿಗೆ, ಹೀಗೆ ಹಿಂದಕ್ಕೆ ಹೋಗುತ್ತಾ 1786 ದಾಟಿದ ಮೇಲೆ ಒಂದು ಪುಟದಲ್ಲಿ ಇದ್ದಕ್ಕಿದ್ದಂತೆ ಬೇರೆ ಹೆಸರು ಸಿಕ್ಕರೆ ಗಾಬರಿಯಾಗೋದು ಬೇಡ. ಊರು, ಮನೆ, ಹೆಂಡತಿಯ ಹೆಸರು ಅದೇ ಇದ್ದರೆ ಮನುಷ್ಯನೂ ಅವನೇ, ಉಪ್ಪಿನ ಮಾತು ಆ ಮನೆಗೆ ಆಮೇಲೆ ಬಂದಿದೆ ಅಷ್ಟೆ.